ಇಳಿತದಲ್ಲಿ ಬೀಸಿದ ಮರದ ಮೀನು

ಮೈಸೂರಿನ ಹಿನಕಲ್ಲಿನ ಅಮಲದಾಸ್ ಮರದಲ್ಲಿ ಮೀನು ಕೆತ್ತುತ್ತಾರೆಂದರೆ ಜನ ಶೋಕೇಸಿಗೆ ಇಡುವ ಗೊಂಬೆ ಅಂದುಕೊಳ್ಳುತ್ತಿದ್ದರು. ಅಲ್ಲ. ಮೂವತ್ತು ವರ್ಷ ಬೀಟೆಮರದ ಕುಸುರಿ ಮಾಡಿ ಸವೆದ ಬೆರಳುಗಳು ಕೆತ್ತುತ್ತಿದ್ದದ್ದು ಗಾಳಕ್ಕೆ ಕಟ್ಟುವ ಮೀನನ್ನು. ಅದು ನೀರಿನ ಮೇಲೆ ತೇಲಿ, ದಾರ ಎಳೆದಂತೆಲ್ಲ ಪೆಟ್ಟು ತಿಂದ ಮರಿಮೀನಿನ ಹಾಗೆ ಹೊರಳಾಡಬೇಕು. ಕೆಳಗಿನ ದೊಡ್ಡ ಮೀನು ಮೋಸಹೋಗಿ ನುಂಗಬೇಕು.

ಕೈ ಚುರುಕಾಗಿತ್ತು, ನಾಲಿಗೆ ಇನ್ನೂ ಚುರುಕು. ಹೆಂಡತಿ ಹೆಲನ್ ಬಾಯಿ ತೆರೆದರೆ ನೆಂಟರ ಮುಂದೆ, ಚರ್ಚಿನ ಅಂಗಳದಲ್ಲಿ, ಎಲ್ಲಿ ಬೇಕಾದರೂ ಅವಳನ್ನು ಗೇಲಿ ಮಾಡಿ ನಾಲ್ಕು ಜನರನ್ನು ನಗಿಸುತ್ತಿದ್ದರು.

ಹೆಲನ್‌ಳ ತಮ್ಮ ರಾಬರ್ಟ್ ಕುಂದಾಪುರದ ಕಡೆ, ಹೊಳೆ ಕಡಲು ಸೇರುವ ಅಳಿವೆಯಲ್ಲಿ, ಗಾಳದ ಶೋಕಿಯವರಿಗಾಗಿ ದೋಣಿ ಇಟ್ಟಿದ್ದ. "ನನ್ ಗಿರಾಕಿಗಳ ಮುಂದೆ ನಿಮ್ಮ ಮರದ ಮೀನಿಗೆ ಒಂದೇ ಒಂದು ಬೀಳ್ಲಿ ಭಾವ, ಆಮೇಲೆ ನೀವು ಮಾಡಿದ್ದನ್ನೆಲ್ಲ ನಾನೇ ತಗೋತೀನಿ" ಎಂದ. ಕಣ್ಣು ಮಂಜಾಯಿತೆಂದು ಕುಸುರಿ ಅಂಗಡಿಯವರು ಮನೆಗೆ ಕಳಿಸಿದ್ದ ಅಮಲದಾಸರಿಗೆ, ತಮ್ಮ ಕೈಗೆ ಇನ್ನೂ ಬೆಲೆಯಿದೆ ಎಂದು ತೋರಿಸಲು ಉಳಿದಿದ್ದ ದಾರಿ ಇದೊಂದೇ.

ಗಂಡ ಹೆಂಡತಿ ಇಬ್ಬರೂ ಹೋದರು. ಹೋದ ಸಂಜೆಯೇ ಗಿರಾಕಿಗಳಿಗೆ ಅಮಲದಾಸರ ಪಾಠ ಶುರುವಾಯಿತು. ತಮ್ಮೂರ ಬಳಿಯ ಮಂಡಕಳ್ಳಿ ಕೆರೆಯಲ್ಲಿ ಕಲಿತದ್ದೇ ಅವರಿಗೆ ವೇದವಾಕ್ಯ. "ಮೀನು ಕಚ್ಚೋದು ಹೊತ್ತು ಹುಟ್ಟೋವಾಗ ಕಣ್ರೀ. ಕೆರೆಯಾದ್ರೇನು, ಕಡಲಾದ್ರೇನು? ಆರಕ್ಕೆಲ್ಲ ರೆಡಿಯಾಗಿ."

ಬೆಳಗ್ಗೆ ಆರಕ್ಕೆ ಇಳಿತ ತಳ ಮುಟ್ಟಿತ್ತು. ಅಳಿವೆಯ ಅಂಚಿನಲ್ಲಿ ಬರೀ ಕೆಸರು. ಉಳಿದ ನೀರು ಅತ್ತಲೂ ಹರಿಯದು, ಇತ್ತಲೂ ಹರಿಯದು. ಮರಿಮೀನೇ ಬಾರದ ಕಡೆಗೆ ಅದನ್ನು ತಿನ್ನುವ ದೊಡ್ಡ ಮೀನು ಕೆಂಬೇರಿ ಯಾಕೆ ಬಂದೀತು? ಅಮಲದಾಸ್ ಬೀಸಿದರು, ಎಳೆದರು, ಮತ್ತೆ ಬೀಸಿದರು. "ಅಂಕಲ್, ಮೈಸೂರು ಊದುಬತ್ತಿ ಹಚ್ಚಿ, ದರ್ಶನಕ್ಕಾದ್ರೂ ಬರ್ತಾವೆ" ಎಂದ ಒಬ್ಬ. ದೋಣಿಗೆ ದೋಣಿಯೇ ನಕ್ಕಿತು. ಏಳೂವರೆಗೆ ಅವರು ಗಾಳ ಬಿಸುಟು ದಡಕ್ಕಿಳಿದು, ಹೆಲನ್‌ಳನ್ನು ಹೊರಡಿಸಿಕೊಂಡು ಬಸ್ಸು ಹತ್ತಿದರು.

ಮನೆಗೆ ಬಂದವರೇ ಅಳತೆಯ ಅಚ್ಚು, ಅರೆಬರೆ ಕೆತ್ತಿದ ಮೀನು, ಎಲ್ಲವನ್ನೂ ಬಚ್ಚಲ ಒಲೆಗೆ ತುರುಕಿದರು. ಉಳಿಗಳನ್ನು ಗುಜರಿಗೆ ಹಾಕಿದರು. ಆ ಉರಿಯಲ್ಲಿ ಕಾದ ನೀರನ್ನು ಹೆಲನ್ ತಲೆಗೆ ಎರೆದುಕೊಂಡಳು.

ಎಂಟನೆಯ ದಿನ ರಾಬರ್ಟ್ ಫೋನ್ ಮಾಡಿದ. "ಭಾವ, ಅವತ್ತು ನೀವು ಹೋದ ಒಂದ್ ಗಂಟೇಲಿ ಉಬ್ಬರ ಏರ್ತು. ನೀವು ಬುಟ್ಟೋದ ಮೀನನ್ನೇ ಎಸೆದೆ, ಮೂರು ಕೆಂಬೇರಿ ಬಿದ್ವು! ಎಲ್ರೂ ಬೇಕು ಅಂತಾವ್ರೆ. ಐವತ್ತು ಕಳಿಸಿ."

ಅಮಲದಾಸ್ ಬಚ್ಚಲ ಒಲೆಯತ್ತ ನೋಡಿದರು. ಅಚ್ಚಿಲ್ಲದೆ, ಆ ಮಂಜುಗಣ್ಣಿನಲ್ಲಿ ಹೊಸದಾಗಿ ಅಳತೆ ಹಿಡಿಯುವುದು ಇನ್ನು ಆಗದ ಮಾತು. "ಆರಕ್ಕೆ ನೀರಿರಲ್ಲ ಅಂತ ನಿಂಗೆ ಗೊತ್ತಿತ್ತೇನೋ?"

"ಗೊತ್ತಿಲ್ದೆ ಏನು ಭಾವ? ಅಷ್ಟು ಜನರ ಮುಂದೆ ನಿಮ್ಗೆ ಎದುರು ಮಾತಾಡೋದು ಹೆಂಗೆ ಅಂತ, ಉಬ್ಬರ ಬಂದ್ಮೇಲೆ ಹೋಗೋಣ ಅಂತ ಆ ರಾತ್ರೀನೇ ಅಕ್ಕನ ಕೈಲಿ ಹೇಳಿಕಳಿಸಿದ್ನಲ್ಲ. ಆದ್ರೂ ನೀವು ಆರಕ್ಕೇ ಹೊರಟ್ರಿ, ಹಠ ಅಂದ್ಕೊಂಡು ಸುಮ್ನಾಗ್ಬುಟ್ಟೆ."

ಫೋನ್ ಕೆಳಗಿಟ್ಟು ಅವರು ತಿರುಗಿದರು. ಹೆಲನ್ ಸೊಪ್ಪು ಬಿಡಿಸುತ್ತಿದ್ದಳು.

"ಯಾಕೆ ಹೇಳ್ಲಿಲ್ಲ?"

"ನಾಲ್ಕು ಜನ ನಿಮ್ಮನ್ನೂ ನೋಡಿ ನಗ್ಲಿ ಅಂತ" ಎಂದಳು, ತಲೆ ಎತ್ತದೆ. "ನಾನೂ ದೋಣಿ ಹತ್ಬೇಕಾಗಿತ್ತು ಕಣ್ರೀ. ನೋಡೋಕ್ ಸಿಗ್ಲಿಲ್ಲ, ಅದೊಂದೇ ಬೇಜಾರು."