ಟೆಸ್ಟರ್ ಮಾಮ ಮಾರಿದ ಆಕ್ಸಿಜನ್ ಮಿಷನ್

ಟೆಸ್ಟರ್ ಮಾಮ ಸುಳ್ಳು ಹೇಳುವ ಪೈಕಿ ಅಲ್ಲ. ಅದಕ್ಕೇ ಅವರು ಹೇಳಿದ್ದನ್ನು ಹೇಳಿದ ಹಾಗೆ ಟೈಪ್ ಮಾಡಿ, ನಾಲ್ಕು ಫೋಟೊ ಸೇರಿಸಿ, ಹಳೇ ಸಾಮಾನು ಮಾರುವ ಸೈಟಿನಲ್ಲಿ ನನ್ನ ಹೆಸರಿನಿಂದಲೇ ಹಾಕಿದೆ. ‘ಮನೆಯಲ್ಲಿ ಬಳಸುವ ಆಕ್ಸಿಜನ್ ಮಿಷನ್. ಹನ್ನೊಂದು ತಿಂಗಳು ಬಳಸಿದ್ದು. ಯಾವ ತೊಂದರೆಯೂ ಇಲ್ಲ.’ ಕೊನೆಯ ಮಾತನ್ನು ಅವರು ಎರಡು ಸಲ ಹೇಳಿದರು. ಪ್ಯಾಕ್ ಮಾಡುವ ಮೊದಲು ಅರ್ಧ ಗಂಟೆ ಓಡಿಸಿ ನೋಡಿದ್ದೇನೆ, ಅದನ್ನೂ ಬರೆ ಎಂದರು. ಅದನ್ನೂ ಬರೆದೆ.

ನನ್ನದು ಜೆರಾಕ್ಸ್ ಅಂಗಡಿ. ಬೀದಿಯವರ ಅರ್ಜಿ, ಫಾರಂ, ಆನ್‌ಲೈನ್ ಉಸಾಬರಿ ಎಲ್ಲ ನನ್ನ ತಲೆಗೇ. ಗೋಡೆಯಾಚೆ ಮಾಮನ ರಿಪೇರಿ ಅಂಗಡಿ. ಇಬ್ಬರು ಎದುರುಬದುರು ನಿಂತರೆ ಮೂರನೆಯವರು ಹೊರಗೆ ಕಾಯಬೇಕು, ಅಷ್ಟೇ ಜಾಗ. ರೆಕ್ಕೆ ಬಿಚ್ಚಿದ ಫ್ಯಾನುಗಳು, ಜಾರ್ ಇಲ್ಲದ ಮಿಕ್ಸಿಗಳು, ತಾಮ್ರದ ತಂತಿ ಸುತ್ತಿದ ಮೋಟರುಗಳು. ಮೂವತ್ತು ವರ್ಷದಿಂದ ಮಾಮ, ಕರೆಂಟ್ ನೋಡುವ ಟೆಸ್ಟರನ್ನು ಅಂಗಿಯ ಜೇಬಿಗೆ ಸಿಕ್ಕಿಸಿಕೊಂಡೇ ಓಡಾಡುತ್ತಾರೆ, ಮದುವೆ ಮನೆಗೂ. ಹಾಗಾಗಿ ಅವರು ಟೆಸ್ಟರ್ ಮಾಮ, ಹೆಂಡತಿ ಟೆಸ್ಟರ್ ಅತ್ತೆ. ಅತ್ತೆಗೆ ಈ ಹೆಸರು ಕೇಳಿದರೆ ಮೈಯೆಲ್ಲ ಉರಿ. ನಾನೇನು ಯಾರಿಗಾದರೂ ಚುಚ್ಚಿ ನೋಡ್ತೀನಾ ಎಂದು ನನ್ನ ಮೇಲೆ ಹರಿಹಾಯುತ್ತಿದ್ದರು, ಹೆಸರಿಟ್ಟವಳು ನಾನೇ ಆದ್ದರಿಂದ.

ಮಾಮನ ಕೈಗುಣದ ಬಗ್ಗೆ ಎರಡು ಮಾತಿಲ್ಲ. ಆದರೆ ಅವರಿಗೊಂದು ಹಮ್ಮೂ ಇತ್ತು. ಯಾವ ಸಾಮಾನಿನ ಜೊತೆಗೂ ಬರುವ ಪುಸ್ತಕವನ್ನು ಓದುವವರಲ್ಲ. ಬರೆದವನು ಅದನ್ನು ಬಿಚ್ಚಿ ನೋಡಿಲ್ಲ, ನಾನು ನೋಡಿದ್ದೀನಿ ಎನ್ನುತ್ತಿದ್ದರು. ಇನ್ನೊಂದು ಅಭ್ಯಾಸ, ಕೂಗುವ ಸಾಮಾನಿನ ಬಾಯಿ ಮುಚ್ಚಿಸುವುದು. ಕರೆಂಟ್ ಹೋದಾಗಲೆಲ್ಲ ಕಿರುಚುವ ಇನ್ವರ್ಟರು, ಬಾಗಿಲು ತೆರೆದಿದ್ದರೆ ಗೋಳಾಡುವ ಫ್ರಿಜ್ಜು, ಎಲ್ಲಕ್ಕೂ ಒಳಗಿನ ಬಜರಿನ ವೈರ್ ಕಿತ್ತುಬಿಟ್ಟರೆ ಮನೆಯವರಿಗೆ ನೆಮ್ಮದಿ. ನನ್ನ ಕಂಪ್ಯೂಟರಿನ ಯುಪಿಎಸ್‌ಗೂ ಅವರೇ ಈ ಉಪಕಾರ ಮಾಡಿದ್ದಾರೆ. ನಾನು ಕೈ ಮುಗಿದು ಟೀ ತರಿಸಿಕೊಟ್ಟಿದ್ದೆ.

ಅತ್ತೆಗೆ ಶ್ವಾಸಕೋಶ ಗಟ್ಟಿಯಾಗುವ ಕಾಯಿಲೆ. ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ಕೊಡುವ ಮಿಷನ್ ಮನೆಗೆ ಬಂತು. ಮೂಗಿಗೆ ಪೈಪು ಸಿಕ್ಕಿಸಿಕೊಂಡು ಹನ್ನೊಂದು ತಿಂಗಳು ಬದುಕಿದರು, ಬಾಯಿ ಮಾತ್ರ ಮೊದಲಿನ ಹಾಗೇ ಜೋರು. ಅವರು ಹೋದ ಮೇಲೆ ಮಿಷನ್ನು ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಆರು ತಿಂಗಳು ಬಿದ್ದಿತ್ತು. ಮಾಮನಿಗೆ ಅದನ್ನು ನೋಡಲೂ ಆಗದು, ಗುಜರಿಗೆ ಹಾಕಲೂ ಆಗದು. ಇನ್ನೊಬ್ಬರ ಉಸಿರಿಗಾದರೂ ಆಗಲಿ ಎಂದು ಮಾರಲು ಒಪ್ಪಿದರು.

ಮಿಷನ್ ಹೋದ ನಾಲ್ಕನೇ ದಿನ, ಮಂಗಳವಾರ ಬೆಳಿಗ್ಗೆ, ಕೊಂಡವಳ ದೂರು ಬಂತು. ‘ಮಿಷನ್ ಓಡುತ್ತೆ, ಆಕ್ಸಿಜನ್ ಬರಲ್ಲ. ಅಪ್ಪನಿಗೆ ಉಸಿರು ಕಟ್ಟಿ ಮುಖ ನೀಲಿಯಾಯಿತು. ಸರ್ವೀಸಿನವರು ಮಧ್ಯಾಹ್ನ ಬರ್ತಾರೆ. ಹಣ ವಾಪಸ್ ಬೇಕು.’ ಸೈಟಿನವರು ಏಳು ದಿನ ಹಣವನ್ನು ತಮ್ಮಲ್ಲೇ ಇಟ್ಟುಕೊಂಡಿರುತ್ತಾರೆ. ನಾವು ನಲವತ್ತೆಂಟು ಗಂಟೆಯೊಳಗೆ ಉತ್ತರ ಕೊಡಬೇಕು. ನನಗೆ ಪಿತ್ತ ನೆತ್ತಿಗೇರಿತು. ಇಂಥ ನಾಟಕ ಎಷ್ಟು ನೋಡಿಲ್ಲ? ಅವಳ ಜನ್ಮ ಜಾಲಾಡುವಂಥ ಉತ್ತರ ಬರೆದು ಮಾಮನಿಗೆ ಓದಿ ಹೇಳಿದೆ. ಅವರು ನಗಲಿಲ್ಲ. ಕಳಿಸಬೇಡ, ಹೋಗಿ ನೋಡಿಯೇ ಬರೋಣ ಎಂದರು.

ಸ್ಕೂಟರಿನಲ್ಲಿ ಹೋಗುವಾಗ, ಅಷ್ಟು ತಲೆ ಕೆಡಿಸಿಕೊಳ್ಳುವಂಥದ್ದು ಏನಾಗಿದೆ, ಕೆಟ್ಟಿದ್ದರೆ ಕೆಟ್ಟಿರಲಿ, ಹಣ ವಾಪಸ್ ಕೊಟ್ಟರಾಯಿತು ಎಂದೆ.

"ಕೆಟ್ಟಿರೋಕೆ ಸಾಧ್ಯ ಇಲ್ಲ ಕಣಮ್ಮ," ಎಂದರು ಹಿಂದಿನಿಂದ. "ಅದು ಕೆಟ್ಟಿದ್ರೆ, ನಿಮ್ಮತ್ತೆ ಮೂಗಿಗೆ ಏನು ಹೋಗ್ತಿತ್ತು ಹೇಳು."



ಊರಿನ ಆ ತುದಿಯಲ್ಲಿ, ಎರಡನೇ ಮಹಡಿಯ ಎರಡು ಕೋಣೆಯ ಮನೆ. ಕೊಂಡವಳು ಶಾಲೆಯ ಮಕ್ಕಳ ವ್ಯಾನ್ ಓಡಿಸುವ ಹುಡುಗಿ, ಮೂವತ್ತರ ಒಳಗಿನವಳು. ಸಮವಸ್ತ್ರದಲ್ಲೇ ಇದ್ದಳು, ಎರಡು ಟ್ರಿಪ್ಪಿನ ನಡುವೆ ಬಂದಿದ್ದಳಂತೆ. ಜಗಳಕ್ಕೆ ಟೊಂಕ ಕಟ್ಟಿಕೊಂಡು ಹೋಗಿದ್ದ ನನಗೆ ಕುರ್ಚಿ ಹಾಕಿ ನೀರು ಕೊಟ್ಟಳು. ಅವಳಪ್ಪ ಮಂಚದ ಅಂಚಿನಲ್ಲಿ ಕೂತು, ತೊಡೆಯ ಮೇಲೆ ದಿಂಬಿಟ್ಟು ಅದರ ಮೇಲೆ ಮೊಣಕೈ ಊರಿ, ಪ್ರತಿ ಉಸಿರನ್ನೂ ಹೆಗಲಿನಿಂದ ಎಳೆದುಕೊಳ್ಳುತ್ತಿದ್ದರು. ಪಕ್ಕದಲ್ಲಿ ಬಾಡಿಗೆಯ ಸಿಲಿಂಡರ್. ಅತ್ತೆ ಕೊನೆಯಲ್ಲಿ ಥೇಟ್ ಹೀಗೇ ಕೂರುತ್ತಿದ್ದರು. ಮಾಮ ಅವರತ್ತ ಒಂದು ಸಲ ನೋಡಿ, ಮತ್ತೆ ಆ ಕಡೆ ತಿರುಗಲಿಲ್ಲ.

ಸರ್ವೀಸಿನವನು ಮಿಷನ್ನಿನ ಹಿಂಬದಿ ಬಿಚ್ಚಿಟ್ಟಿದ್ದ. ಪೈಪಿನ ತುದಿಗೆ ಅಂಗೈಯಷ್ಟು ದೊಡ್ಡ ಮೀಟರ್ ಹಿಡಿದು ತೋರಿಸಿದ. ತೊಂಬತ್ತರ ಮೇಲಿರಬೇಕಾದ ಅಂಕಿ ಐವತ್ತೆಂಟರಲ್ಲಿ ನಿಂತಿತ್ತು. ಮಾಮ ತಮ್ಮ ಅರ್ಧ ಗಂಟೆಯ ಪರೀಕ್ಷೆಯ ಮಾತೆತ್ತಿದರು. ಮೋಟರ್ ಸದ್ದು ಕೇಳಿದ್ದೆ, ಪೈಪಿಗೆ ಕೈ ಹಿಡಿದಾಗ ಗಾಳಿ ಜೋರಾಗಿ ಬರುತ್ತಿತ್ತು ಎಂದರು. ಗಾಳಿ ಬರುತ್ತೆ, ಅದರಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ಕೈಗೆ ಗೊತ್ತಾಗಲ್ಲವಲ್ಲ ಸರ್ ಎಂದ ಅವನು, ಮರ್ಯಾದೆಯಿಂದಲೇ. ಒಳಗೆ ಹರಳಿನಂಥ ಕಾಳುಗಳಿರುತ್ತವಂತೆ, ಗಾಳಿ ಸೋಸುವುದು ಅವೇ. ತೇವ ತಗುಲಿದರೆ ಸತ್ತುಹೋಗುತ್ತವಂತೆ. ಬಳಸದೆ ಥಂಡಿ ಜಾಗದಲ್ಲಿ ಇಟ್ಟರೂ ಸಾಕು.

ಮಾಮ ಆ ಮಾತನ್ನು ಗಬಕ್ಕನೆ ಹಿಡಿದುಕೊಂಡರು. "ಆರು ತಿಂಗಳು ಮೆಟ್ಟಿಲ ಕೆಳಗಿತ್ತು. ಆ ಗೋಡೆಯಲ್ಲಿ ನೀರು ಜಿನುಗುತ್ತೆ. ಅಲ್ಲೇ ಕೆಟ್ಟಿರಬೇಕು, ಅಲ್ವಾ?"

ಇರಬಹುದು ಎಂದ ಅವನು. ನನಗೂ ಹೋದ ಜೀವ ಬಂದಂತಾಯಿತು. ಅಷ್ಟಕ್ಕೇ ಎದ್ದು ಬಂದಿದ್ದರೆ ಚೆನ್ನಾಗಿತ್ತು. ಆದರೆ ಅವನು ಟಾರ್ಚ್ ಹಿಡಿದು ಇನ್ನೊಂದು ಮೂಲೆ ತೋರಿಸಿದ. ಬಜರಿನ ವೈರನ್ನು ಯಾರೋ ಕಿತ್ತು ಟೇಪ್ ಸುತ್ತಿದ್ದಾರೆ, ನೀಟಾಗಿ ಮಾಡಿದ್ದಾರೆ, ಅದೊಂದಿದ್ದಿದ್ದರೆ ಇವರಿಗೆ ಮೊದಲ ದಿನವೇ ಗೊತ್ತಾಗುತ್ತಿತ್ತು ಎಂದ.

ನಾನೇ ಕಿತ್ತಿದ್ದು ಎಂದರು ಮಾಮ. ಮನೆಯಲ್ಲಿ ವೋಲ್ಟೇಜ್ ಏರುಪೇರು, ಕೂಗಿ ಕೂಗಿ ಕೊನೆಗಾಲದಲ್ಲಿ ಹೆಂಡತಿಗೆ ನಿದ್ದೆ ಇರಲಿಲ್ಲ ಎಂದರು.

ಅವನು ಸುಮ್ಮನೆ ಕೇಳಿದ, ಕೆಟ್ಟ ಮನಸ್ಸಿನಿಂದಲ್ಲ. "ಹೇಗೆ ಕೂಗ್ತಿತ್ತು ಸರ್? ಕರೆಂಟಿನ ತೊಂದರೆ ಆದ್ರೆ ಒಂದೇ ಸಮ ಕೂಗುತ್ತೆ, ನಿಲ್ಲಲ್ಲ. ಆಕ್ಸಿಜನ್ ಕಮ್ಮಿಯಾದ್ರೆ ಮೂರು ಸಲ ಕೂಗಿ ನಿಲ್ಲುತ್ತೆ. ಮತ್ತೆ ಮೂರು."

ಮಾಮ ನೆನಪಿಲ್ಲ ಎಂದರು. ಮೂವತ್ತು ವರ್ಷದಲ್ಲಿ ನಾನು ಕೇಳಿದ ಅವರ ಮೊದಲ ಸುಳ್ಳು ಅದು.

ವಾಪಸ್ ಬರುವಾಗ ಅವರ ಕೈ ನನ್ನ ಹೆಗಲ ಮೇಲಿತ್ತು. ಸಿಗ್ನಲಿನಲ್ಲಿ ನಿಂತಾಗ ತೋರುಬೆರಳು ಅಲ್ಲಾಡುತ್ತಿರುವುದು ಗೊತ್ತಾಯಿತು. ಮೂರು ಸಲ ಬಡಿದು ನಿಲ್ಲುತ್ತಿತ್ತು. ಮತ್ತೆ ಮೂರು. ತಾವು ಬಡಿಯುತ್ತಿದ್ದೇವೆಂಬುದು ಅವರಿಗೆ ಗೊತ್ತಿರಲಿಲ್ಲವೇನೋ. ನಾನು ಹಸಿರು ದೀಪ ಬಂದದ್ದೇ ಗಾಡಿಯನ್ನು ಜೋರಾಗಿ ಓಡಿಸಿದೆ, ಗುಂಡಿಯನ್ನೂ ನೋಡದೆ.

ಬುಧವಾರ ಅವರು ಅಂಗಡಿಯ ಬಾಗಿಲು ಎತ್ತಲಿಲ್ಲ. ಬೆಳಿಗ್ಗೆಯೇ ನನ್ನ ಅಂಗಡಿಗೆ ಬಂದು ಲ್ಯಾಮಿನೇಷನ್ ಮಿಷನ್ನಿನ ಪಕ್ಕದ ಸ್ಟೂಲಿನಲ್ಲಿ ಕೂತರು. ಆ ಮಿಷನ್ನಿನ ಪುಸ್ತಕ ಆನ್‌ಲೈನಿನಲ್ಲಿ ಸಿಗುತ್ತದಾ ಎಂದು ಕೇಳಿದರು. ಸಿಕ್ಕಿತು, ಅರವತ್ತು ಪುಟ. ಕೂಗುವುದರ ಬಗ್ಗೆ ಇರುವ ಪುಟ ಮಾತ್ರ ತೆಗೆದುಕೊಡು ಎಂದರು. ಪ್ರಿಂಟ್ ಕೊಟ್ಟೆ. ಅದರಲ್ಲಿ ಸರ್ವೀಸಿನವನು ಹೇಳಿದ್ದೇ ಇತ್ತು, ಚಿತ್ರ ಸಮೇತ. ಹುಟ್ಟಿದ ಮೇಲೆ ಮೊದಲ ಸಲ ಓದಿದ ಆ ಪುಟವನ್ನು ಅವರು ಎಷ್ಟು ಸಲ ಓದಿದರೋ. ಮಧ್ಯೆ ಮಧ್ಯೆ ತಾವಾಗಿಯೇ ಮಾತಾಡುತ್ತಿದ್ದರು. ಅತ್ತೆಯ ಬೆರಳಿಗೆ ಹಾಕುವ ಕ್ಲಿಪ್ಪಿನಲ್ಲಿ ಆಕ್ಸಿಜನ್ ಅಂಕಿ ತೊಂಬತ್ತೆರಡರಿಂದ ಎಂಬತ್ತೆಂಟಕ್ಕೆ ಇಳಿದದ್ದು, ಎಂಬತ್ತೆಂಟರಿಂದ ಎಂಬತ್ತಕ್ಕೆ. ಡಾಕ್ಟರು ಈ ಕಾಯಿಲೆ ಹೀಗೇ ಹೋಗುವುದು ಎಂದದ್ದು. ತಾವು ಮಿಷನ್ನಿನ ಗುಂಡಿ ತಿರುಗಿಸಿ ಎರಡರಿಂದ ಮೂರಕ್ಕೆ, ಮೂರರಿಂದ ನಾಲ್ಕಕ್ಕೆ ಏರಿಸುತ್ತ ಹೋದದ್ದು. ಏರಿಸಿದಷ್ಟೂ ಬರೀ ಗಾಳಿ ಎಂದರು. ಕಾಯಿಲೆಯೇ ಅವರನ್ನು ಕೊಂಡೊಯ್ದದ್ದು, ಮಿಷನ್ನಲ್ಲ ಎಂದು ನಾನು ಹೇಳಿದೆ. ನನ್ನ ಮಾತು ನನಗೇ ಪೊಳ್ಳು ಎನಿಸಿತು.

ಉತ್ತರದ ಫಾರಂ ನನ್ನ ಪರದೆಯ ಮೇಲೆ ತೆರೆದೇ ಇತ್ತು. ಮಾರಿದವರು ಮೂರರಲ್ಲಿ ಒಂದನ್ನು ಆರಿಸಬೇಕು. ಸಾಮಾನು ಸರಿಯಿತ್ತು ಎಂದರೆ ವಿಚಾರಣೆ, ಹದಿನೈದು ದಿನ. ಸಾಗಣೆಯಲ್ಲಿ ಕೆಟ್ಟಿತು ಎಂದರೆ ಲಾರಿಯವರ ಮೇಲೆ ತನಿಖೆ, ಹತ್ತು ದಿನ. ಮಾರುವಾಗಲೇ ದೋಷವಿತ್ತು ಎಂದರೆ ಮಾತ್ರ ಹಣ ಅದೇ ಹೊತ್ತಿಗೆ ವಾಪಸ್. ಜೀವಮಾನವಿಡೀ ಫಾರಂ ತುಂಬಿಸಿದವಳು ನಾನು. ಯಾವ ಫಾರಂ ಮಾಡಿದವನಿಗೂ ಮನುಷ್ಯರ ಪರಿಚಯವೇ ಇರುವುದಿಲ್ಲ. ಕೈಯಿಂದಲೇ ಕೊಟ್ಟು ಮುಗಿಸೋಣವೆಂದರೆ ಅಷ್ಟು ದುಡ್ಡು ನಮ್ಮಿಬ್ಬರದು ಸೇರಿಸಿದರೂ ಇರಲಿಲ್ಲ.

ನಾನು ಸಾಗಣೆಯದನ್ನು ಒತ್ತಿಬಿಡುತ್ತೇನೆ ಎಂದೆ. ಲಾರಿಯಲ್ಲಿ ಎತ್ತಿ ಒಗೆದಿರುತ್ತಾರೆ, ಇಲ್ಲವೆನ್ನಲು ಯಾರಿಂದ ಆಗುತ್ತದೆ? ಹೇಳುವಾಗ ನಾಚಿಕೆ ಆಗಲಿಲ್ಲ. ಅವರನ್ನು ಹೇಗಾದರೂ ಮಾಡಿ ಆ ಸ್ಟೂಲಿನಿಂದ ಎಬ್ಬಿಸಿ ಮನೆಗೆ ಕಳಿಸಬೇಕು, ಅಷ್ಟೇ ನನಗೆ ಬೇಕಿದ್ದದ್ದು.

ಆಗ ವ್ಯಾನಿನ ಹುಡುಗಿಯ ಫೋನ್ ಬಂತು. ಸ್ಪೀಕರಿಗೆ ಹಾಕಿದೆ. ಹಿಂದೆ ಮಕ್ಕಳ ಗಲಾಟೆ ಕೇಳುತ್ತಿತ್ತು.

"ಅಕ್ಕ, ನಾನು ಜಗಳಕ್ಕೆ ಮಾಡಿಲ್ಲ. ಸಿಲಿಂಡರ್ ನಾಳೆ ಮಧ್ಯಾಹ್ನದವರೆಗೆ ಅಷ್ಟೇ ಬರುತ್ತೆ. ಬೇರೆ ಮಿಷನ್ ನೋಡಿಟ್ಟಿದ್ದೀನಿ, ಹಣ ಬಂದ್ರೆ ಇವತ್ತೇ ತರ್ತೀನಿ. ಅವರಿಗೆ ಬೇಜಾರಾಗಿದ್ರೆ ಕ್ಷಮಿಸಿ ಅಂತ ಹೇಳಿ. ಅವರ ಮನೆಯವರ ವಿಷಯ ನಾನು ಟ್ರಿಪ್ಪಿನಿಂದ ಬಂದ ಮೇಲೆ ಸರ್ವೀಸಿನವನು ಹೇಳಿದ."

ಅವಳು ಫೋನಿಟ್ಟ ಮೇಲೆ ಮಾಮ ಸ್ಟೂಲನ್ನು ಎಳೆದುಕೊಂಡು ಪರದೆಯ ಮುಂದೆ ಬಂದರು. ಕನ್ನಡಕ ಒರೆಸಿಕೊಂಡು ಮೂರನ್ನೂ ಓದಿದರು. ಮಾರುವಾಗಲೇ ದೋಷವಿತ್ತು ಎಂಬುದರ ಮೇಲೆ ಬೆರಳಿಟ್ಟರು. ಬೇಡ ಮಾಮ ಎಂದೆ. ಬೇಡ ಎನ್ನಲು ನನ್ನ ಹತ್ತಿರ ಏನು ಕಾರಣವಿತ್ತೋ, ಆ ಮುದುಕ ಅಲ್ಲಿ ಉಸಿರಿಗೆ ಒದ್ದಾಡುತ್ತಿರುವಾಗ. ಆದರೂ ಅಂದೆ. ಅವರು ಒತ್ತು ಎಂದರು. ಒತ್ತಿದೆ.

ಅಲ್ಲಿಗೇ ಮುಗಿಯಲಿಲ್ಲ. ಇನ್ನೊಂದು ಖಾನೆ ತೆರೆದುಕೊಂಡಿತು. ದೋಷ ಮೊದಲು ಕಂಡುಬಂದ ದಿನಾಂಕ. ತುಂಬದಿದ್ದರೆ ಮುಂದೆ ಹೋಗದು. ನಾನು ಹಾಳಾದವರು ಎಂದು ಬೈದು, ನಿನ್ನೆಯ ತಾರೀಕು ಹಾಕುತ್ತೇನೆ, ಇದನ್ನೆಲ್ಲ ಯಾರೂ ನೋಡುವುದಿಲ್ಲ ಎಂದೆ.

"ನಿನ್ನೆ ಅಲ್ಲ," ಎಂದರು. ತಿಂಗಳು ಹೇಳಿದರು. "ಹದಿನಾಲ್ಕನೇ ತಾರೀಕು. ಸೋಮವಾರ."

ಅತ್ತೆ ಹೋದದ್ದು ಅದರ ಮುಂದಿನ ತಿಂಗಳ ಮೂರಕ್ಕೆ. ಲೆಕ್ಕ ಹಾಕಬಾರದು ಎಂದುಕೊಂಡರೂ ತಲೆ ಹಾಕಿಯೇಬಿಟ್ಟಿತು. ಹತ್ತೊಂಬತ್ತು ದಿನ.

"ವೈರ್ ಕಿತ್ತು, ಮುಚ್ಚಳ ಹಾಕಿ, ಅವಳ ಪಕ್ಕ ಹೋಗಿ ಕೂತೆ," ಎಂದರು ಮಾಮ. "ಅವಳು ನನ್ನ ಕೈ ಹಿಡ್ಕೊಂಡ್ಲು. ಅಬ್ಬಾ, ಈಗ ಹಾಯಾಗಿದೆ ರೀ ಅಂದ್ಲು. ನಿದ್ದೆ ಬರೋವರೆಗೂ ಕೈ ಬಿಡಲಿಲ್ಲ ಕಣಮ್ಮ. ಹಾಕು, ಹದಿನಾಲ್ಕು."

ಹಾಕಿದೆ.