ಸುಲೋಚನಾಳ ಹತ್ತು ಹಾಡು

ಸುಲೋಚನಾಳ ಮನೆಯಲ್ಲಿ ರೇಡಿಯೋ ಇರಲಿಲ್ಲ. ಗಂಡ ಹಯವದನ ವಿಮೆ ಕಚೇರಿಯ ಗುಮಾಸ್ತ. ಧಾರವಾಡದಿಂದ ಬಡೋದೆಗೆ, ಅಲ್ಲಿಂದ ಸೂರತ್ತಿಗೆ, ಅರವತ್ನಾಲ್ಕರಲ್ಲಿ ಅಹಮದಾಬಾದಿಗೆ ವರ್ಗವಾಗಿ ಬಂದು ಮಣಿನಗರದಲ್ಲಿ ಮನೆ ಹಿಡಿದಿದ್ದ. ಎಲ್ಲ ಊರಿನಲ್ಲೂ ಆಕೆ ಕೇಳಿದ್ದು ನೆರೆಮನೆಯವರ ರೇಡಿಯೋವನ್ನೇ. ಇಲ್ಲಿ ಗೋಡೆಯಾಚೆ ಕೋಕಿಲಾಬೆನ್ ಇದ್ದರು. ಬುಧವಾರ ಸಂಜೆ ಕಳೆದು ಸಿಲೋನ್ ಕೇಂದ್ರದವರು ವಾರದ ಜನಪ್ರಿಯ ಹಿಂದಿ ಹಾಡುಗಳನ್ನು ಸ್ಥಾನ ಕೊಟ್ಟು ಹಾಕತೊಡಗಿದರೆ ಇವಳಿಗಾಗಿಯೇ ದನಿ ಏರಿಸುತ್ತಿದ್ದರು.

ರೇಡಿಯೋದವರು ಕೊಟ್ಟ ಸ್ಥಾನಗಳನ್ನು ಮಾತ್ರ ಸುಲೋಚನಾ ಒಪ್ಪುತ್ತಿರಲಿಲ್ಲ. ಮರುದಿನ ಹಳೇ ಕ್ಯಾಲೆಂಡರಿನ ಹಾಳೆಯ ಬೆನ್ನಿಗೆ ತನ್ನದೇ ಪಟ್ಟಿ ಬರೆದು ಅಡುಗೆಮನೆಯ ಮೊಳೆಗೆ ಸಿಕ್ಕಿಸುತ್ತಿದ್ದಳು. ಹಿಂದಿ ಅಷ್ಟಕ್ಕಷ್ಟೆ, ಹಾಗಾಗಿ ಕೇಳುವಾಗ ಮನೆಯಲ್ಲಿ ನಡೆದದ್ದರ ಮೇಲೆ ಹಾಡುಗಳಿಗೆ ತಾನೇ ಹೆಸರಿಟ್ಟುಕೊಂಡಿದ್ದಳು. ಹಾಲುಕ್ಕಿದ ಹಾಡು. ನಲ್ಲಿ ನೀರು ನಿಂತ ಹಾಡು. ಹಾಲುಕ್ಕಿದ ಹಾಡು ಏಳು ವಾರ ಮೊದಲ ಸ್ಥಾನ ಬಿಟ್ಟುಕೊಡಲಿಲ್ಲ.

ಅರವತ್ತಾರರ ಚಳಿಗಾಲದಲ್ಲಿ ಜೊತೆಗಿದ್ದ ಅತ್ತೆಗೆ ಲಕ್ವ ಹೊಡೆಯಿತು. ಎತ್ತಿ ಕೂರಿಸುವುದು, ಹೊರಳಿಸುವುದು, ತೊಳೆಯುವುದು, ತುತ್ತು ಮಾಡಿ ಉಣಿಸುವುದು ಎಲ್ಲ ಸುಲೋಚನಾಳ ಪಾಲಿಗೆ ಬಂತು. ಮುದುಕಿಯ ಮಾತು ತೊದಲಿದರೂ "ಸುಲೂ" ಎಂಬ ಕೂಗೊಂದು ಸ್ಪಷ್ಟವಿತ್ತು. ಗೋಡೆಯಾಚೆ ಹಾಡು ಶುರುವಾದರೆ ಈಚೆ ಆ ಕೂಗು ಏಳುತ್ತಿತ್ತು.

ಒಂದು ಗುರುವಾರ ಚಹಾ ಕುಡಿಯುತ್ತ ಹಯವದನ ಪಟ್ಟಿ ನೋಡಿದ.

"ಇದೇನು, ಒಂದನೇ ನಂಬರಿಗೆ ಏನೂ ಇಲ್ಲಲ್ಲ?"

"ಒಂದು ಹಾಡೂ ಪೂರಾ ಕೇಳ್ಲಿಕ್ಕೆ ಆಗ್ಲಿಲ್ರಿ. ಅರ್ಧ ಕೇಳಿದ್ದಕ್ಕ ಒಂದನೇ ನಂಬರ ಹೆಂಗ ಕೊಡ್ಲಿ?"

ಹಿಟ್ಟು ನಾದುತ್ತಲೇ ಹೇಳಿದಳು, ದನಿಯಲ್ಲಿ ದೂರಿರಲಿಲ್ಲ. ಹಯವದನ ಹಾಳೆಯನ್ನು ಕೆಳಗಿನವರೆಗೂ ಓದಿದ. ಹೊಸ ಹಾಡು ಒಂದೂ ಇರಲಿಲ್ಲ. ಚಹಾ ಮುಗಿಸಿ ಕಚೇರಿಗೆ ಹೋದ.

ಮುಂದಿನ ಬುಧವಾರ ಬೇಗ ಬಂದು, ಕೈಕಾಲು ತೊಳೆದು ತಾಯಿಯ ಹತ್ತಿರ ಕುಳಿತ.

"ಅವ್ವನ್ನ ನಾ ನೋಡ್ಕೋತೀನಿ. ನೀ ಅವರ ಮನೀಗೇ ಹೋಗಿ ಕೂತು ಕೇಳು."

"ನಿಮಗ ಹೊರಳಿಸ್ಲಿಕ್ಕೆ ಬರೂದಿಲ್ಲ."

"ಕಲೀತೀನಿ. ಹೋಗು."

ಕೋಕಿಲಾಬೆನ್ ಅವಳನ್ನು ತೂಗುಮಂಚದ ಮೇಲೆ ಕೂರಿಸಿದರು. ಎಷ್ಟೋ ತಿಂಗಳ ಮೇಲೆ ಯಾರೂ ಕೂಗಿ ಕರೆಯದ ಜಾಗದಲ್ಲಿ ಅವಳು ಬೆನ್ನು ಆನಿಸಿದ್ದಳು. ಮೊದಲ ಹಾಡು ಮುಗಿಯಿತು. ಎರಡನೆಯದರ ನಡುವೆ ನಿದ್ದೆ ಹತ್ತಿ ತಲೆ ಮಂಚದ ಸರಪಳಿಗೆ ವಾಲಿತು. ಕೋಕಿಲಾಬೆನ್ ಎದ್ದು ರೇಡಿಯೋದ ದನಿ ತಗ್ಗಿಸಿದರು, ಆಮೇಲೆ ಆರಿಸಿಯೇಬಿಟ್ಟರು.

ಕಾರ್ಯಕ್ರಮ ಮುಗಿಯುವ ಹೊತ್ತಿಗೆ ಹಯವದನ ಕರೆಯಲು ಬಂದ. ಕೋಕಿಲಾಬೆನ್ ಬಾಗಿಲಲ್ಲೇ ತುಟಿಗೆ ಬೆರಳಿಟ್ಟರು. "ಸೋನೇ ದೋ, ಭಾಈ," ಮಲಗಲಿ ಬಿಡಿ ಎಂದರು.

ಅವನು ಮರಳಿ ಬಂದು ತಾಯಿಗೆ ಅನ್ನ ಕಲಸಿದ.

"ಸುಲೂ?" ಎಂದಳು ಮುದುಕಿ.

"ಹಾಡು ಕೇಳ್ಲಿಕ್ಕೆ ಹೋಗ್ಯಾಳವ್ವಾ. ಇನ್ನೂ ಮುಗಿದಿಲ್ಲ."