ಹೊಸದನ್ನು ಹಳೆಯದು ಮಾಡುವ ಅಫ್ಜಲ್
ಶಿಡ್ಲಘಟ್ಟದವರೆಲ್ಲ ಹಳೆಯದನ್ನು ತಿಕ್ಕಿ ಹೊಸದು ಮಾಡಿದರೆ, ನಮ್ಮ ಪಕ್ಕದ ಮನೆಯ ಅಫ್ಜಲ್ ಹೊಸದನ್ನು ತಿಕ್ಕಿ ಹಳೆಯದು ಮಾಡುತ್ತಾನೆ. ವೇಷದ ಸ್ಪರ್ಧೆಗೆಂದು ರಟ್ಟು, ಫೋಮು ಅಂಟಿಸಿ ಬಾಹ್ಯಾಕಾಶ ಯೋಧನ ಕವಚ ಮಾಡಿಕೊಂಡಿದ್ದಾನೆ. ಯಾರೋ ನಿಜವಾಗಿ ತೊಟ್ಟು ದುಡಿದದ್ದು ಎನಿಸದಿದ್ದರೆ ಅಲ್ಲಿ ಮಾನ ಹೋಗುತ್ತದಂತೆ. ಅದಕ್ಕೇ ಉಪ್ಪುಕಾಗದ ಉಜ್ಜಿ, ಒಲೆಯ ಮಸಿ ಬಳಿದು, ನನ್ನ ಮೊಪೆಡ್ಡಿನ ಹಿಂದೆ ಕಟ್ಟಿ ಬೀದಿಯುದ್ದಕ್ಕೂ ಎಳೆಸುತ್ತಾನೆ. “ಇನ್ನೂ ಅಂಗಡಿ ಮಾಲಿನ ಥರಾನೇ ಐತೆ ತಾತ, ಇನ್ನೊಂದು ರೌಂಡು ಹೊಡೀರಿ” ಎಂಬುದು ಅವನ ಪಲ್ಲವಿ. “ಪಾತ್ರೆನ ಇಷ್ಟು ತಿಕ್ಕಿದ್ರೆ ಮುಖ ಕಾಣ್ತಿತ್ತು” ಎಂಬುದು ತಾಯಿ ಜಾಹಿದಾಳ ಬೈಗುಳ. ಮೊನ್ನೆ ಮಾತ್ರ ಆಕೆ ಕವಚದ ಕೈಗವಸನ್ನು ಎತ್ತಿ ಬೆಳಕಿಗೆ ಹಿಡಿದಳು. ಅದರ ಬೆರಳ ತುದಿಗಳು, ಕುದಿನೀರಿನಲ್ಲಿ ಬೆಂದ ಗೂಡುಗಳಿಂದ ರೇಷ್ಮೆ ಎಳೆ ತೆಗೆಯುತ್ತಲೇ ಆಯಸ್ಸು ಕಳೆದ ಅವಳ ಗಂಡನ ಬೆರಳಿನಂತೆಯೇ ಬಿಳಿಚಿ ಬಿರಿದಿದ್ದವು. ಒಂದೊಂದೇ ಬೆರಳು ಸವರಿ ನೋಡಿ ಆಕೆ ಮಗನಿಗೆ ಅಂದಳು: “ಹೆಬ್ಬೆರಳು ಇನ್ನೂ ಜಾಸ್ತಿ ಒಡೆದಿತ್ತು ಕಣೋ.”